ಸಾವಿರದ ನೂರ ಹದಿನಾರು ಕಿವಿ

ನಮ್ಮೂರಿನಲ್ಲಿ ಯಾರ ಹೆಸರಿಗೆ ಬರೆದ ವಸ್ತುವನ್ನು ಬೇರೆ ಯಾರು ಮುಟ್ಟಿದರೂ ಆ ಹೆಸರಿನವರ ಕಿವಿ ಬೆಚ್ಚಗಾಗುತ್ತದೆ. ಬಲಗಿವಿ. ಹಾಗಾಗಿ ಇಲ್ಲಿ ಬೀಗ ಮಾರಿ ಯಾರೂ ಬದುಕಿದ್ದಿಲ್ಲ. ಚಿಕ್ಕಹೊನ್ನಯ್ಯನೆಂಬ ಒಬ್ಬ ಎಲ್ಲಿಂದಲೋ ಬಂದು ಬೀಗದ ಅಂಗಡಿ ಇಟ್ಟಿದ್ದ. ಮೂರೇ ತಿಂಗಳಲ್ಲಿ ಬುದ್ಧಿ ಕಲಿತು ಕಿವಿಗೆ ಹಚ್ಚುವ ತಂಪೆಣ್ಣೆ ಮಾರಲು ಶುರುಮಾಡಿದ, ಈಗ ಎರಡು ಮಹಡಿ ಕಟ್ಟಿಸಿದ್ದಾನೆ. ಸೈಕಲ್ಲನ್ನು ಬೀದಿಯಲ್ಲಿ ಬಿಟ್ಟು ಹೋಟೆಲಿಗೆ ಹೋದವನು ಕಾಫಿಯ ನಡುವೆ ಒಮ್ಮೆ ಕಿವಿ ಮುಟ್ಟಿ ನೋಡಿಕೊಂಡು ಮತ್ತೊಂದು ಗುಟುಕು ಹೀರುತ್ತಾನೆ. ನೆಂಟರ ಮನೆಯಲ್ಲಿ ಹರಟುತ್ತ ಕೂತ ಸೊಸೆ ಮಾತಿನ ಮಧ್ಯೆ ಎದ್ದು, ಅತ್ತೆ ನನ್ನ ಬೀರುವಿಗೆ ಕೈಹಾಕಿದರು ಎಂದು ಹೊರಟರೆ ಯಾರಿಗೂ ಬೆರಗಿಲ್ಲ. ದೇವರು ಕೊಟ್ಟದ್ದು, ಇದೆ. ದೇವರು ಕೊಟ್ಟದ್ದನ್ನು ಪುರಸಭೆಯ ಕೈಗೆ ಕೊಡಬಾರದು ಎಂಬುದೊಂದು ಮಾತ್ರ ನಮಗೆ ಸಕಾಲದಲ್ಲಿ ಹೊಳೆಯಲಿಲ್ಲ.

ನಾನು ವರದ. ಎಂಟು ತಿಂಗಳ ಕೂಸಾಗಿದ್ದಾಗ ತಾಯಿ ಹೋದಳು. ಸಾಕಿದವಳು ತಾಯಿಯ ಅಕ್ಕ ಚೆಲುವಾಜಮ್ಮ. ನನಗೆ ದೊಡ್ಡಮ್ಮ, ಊರಿಗೆಲ್ಲ ಓದಮ್ಮ. ನಮ್ಮ ಹಿರೀಕರು ಹೊಳೆ ದಾಟಿ ಬಂದು ಇಲ್ಲಿ ನೆಲೆನಿಂತ ಕಥೆಯನ್ನು ಹೇಳುವ ಕಾವ್ಯವೊಂದಿದೆ, ನೆಲೆಗಬ್ಬ ಎನ್ನುತ್ತೇವೆ. ಅದನ್ನು ರಾಗವಾಗಿ ಓದುವುದು ಅವಳ ಕಾಯಕ. ಸಂಜೆ ಸಂಜೆ ಮಂಟಪದಲ್ಲಿ ಒಂದಿಷ್ಟು ಓದುತ್ತಿದ್ದಳು. ನಾನು ಚಾಪೆ ಹಾಸುತ್ತಿದ್ದೆ, ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ, ಕಂಬಕ್ಕೆ ಒರಗದೆ ಕೂತು ಕೇಳುತ್ತಿದ್ದೆ. ಐವತ್ತು ವರ್ಷ ಕೇಳಿದೆ. ಒಂದು ಸಾಲನ್ನೂ ಬಾಯಿಬಿಟ್ಟು ಹೇಳಿದವನಲ್ಲ. ಓದುವುದು ಅವಳ ಪಾಲಿಗೆ ಬಂದ ಭಕ್ತಿ, ಕೇಳುವುದು ನನ್ನ ಪಾಲಿಗೆ ಬಂದದ್ದು. ಎರಡರಲ್ಲಿ ಯಾವುದು ಕಷ್ಟ ಎಂದು ಕೇಳಿದವರಿಗೆ ನಾನು ಉತ್ತರ ಹೇಳಿದ್ದಿಲ್ಲ, ಕೇಳಿಸಿಕೊಂಡಿದ್ದೇನೆ.

ಮಂಟಪದ ಓದಿಗಿಂತ ದೊಡ್ಡದು ಕಡೇ ಓದು. ನಮ್ಮೂರಿನಲ್ಲಿ ಯಾರಾದರೂ ಹಾಸಿಗೆ ಹಿಡಿದು ಇನ್ನು ಏಳುವುದಿಲ್ಲ ಎಂದು ಗೊತ್ತಾದರೆ, ಮನೆಯ ತಲೆಬಾಗಿಲು ತೆರೆದಿಟ್ಟು ನೆಲೆಗಬ್ಬವನ್ನು ಮೊದಲಿಂದ ಕೊನೆಯವರೆಗೆ ಒಂದೇ ಕೂತ ಹಾಗೆ ಅವರಿಗೆ ಓದಿ ಕೇಳಿಸಬೇಕು. ಒಂದೂವರೆ ಗಂಟೆಯ ಓದು. ಅಷ್ಟು ಹೊತ್ತೂ ಒಳಗೆ ಹೊರಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಓದಿನಲ್ಲಿ ತಪ್ಪಾದರೆ ಅದು ಓದಲ್ಲ, ಇನ್ನೊಂದು ದಿನ ಮತ್ತೆ ಮೊದಲಿಂದ. ಸರಿಯಾಗಿ ಕೇಳಿದವರು ಹಗುರಾಗಿ ಹೋಗುತ್ತಾರೆ. ಕೇಳದೆ ಹೋದವರ ಸುದ್ದಿಯನ್ನು ನಾವು ಆಡುವುದಿಲ್ಲ. ದೊಡ್ಡಮ್ಮ ಹೀಗೆ ಮುನ್ನೂರಕ್ಕೂ ಹೆಚ್ಚು ಜನರನ್ನು ಕಳಿಸಿಕೊಟ್ಟಿದ್ದಾಳೆ. ಒಬ್ಬರೂ ವಾಪಸು ಬಂದು ದೂರು ಹೇಳಿಲ್ಲ.

ಹೀಗಿರುವಾಗ ಪುರಸಭೆಯ ಅಧ್ಯಕ್ಷ ಸಿದ್ಧವೀರಪ್ಪನವರಿಗೆ ಊರಿಗೊಂದು ಆ್ಯಪ್ ಬೇಕೆನ್ನಿಸಿತು. ಪಕ್ಕದೂರಿನಲ್ಲಿ ಆಗಲೇ ಇತ್ತು ಎಂಬುದಕ್ಕಿಂತ ದೊಡ್ಡ ಕಾರಣ ಯಾರಿಗೆ ಬೇಕು? ಆ್ಯಪಿನೊಳಗೆ ನೆಲೆಗಬ್ಬವನ್ನು ಪೂರ್ತಿ ಹಾಕುವುದು, ಜನ ಯಾವ ಪದದ ಮೇಲೆ ಬೆರಳಿಟ್ಟರೂ ಆ ಪದ ತೆರೆದುಕೊಂಡು ಅರ್ಥ ಹೇಳುವುದು ಎಂದು ಠರಾವಾಯಿತು. ಅದನ್ನು ಮಾಡಿಕೊಡಲು ಮಂದಾಕಿನಿ ಎಂಬ ಹುಡುಗಿಯನ್ನು ಹೊರಗಿನಿಂದ ಕರೆಸಿದರು. ಅವಳು ಬಲು ಚುರುಕು. ಎರಡನೆಯ ದಿನವೇ ಅಧ್ಯಕ್ಷರ ಮುಂದೆ ಕೂತು, ಪ್ರತಿ ಪದವನ್ನೂ ಬೇರೆ ಬೇರೆ ಮಾಡಿ ಇಟ್ಟಿದ್ದೇನೆ, ಒಟ್ಟು ಸಾವಿರದ ನೂರ ಹದಿನಾರು, ಇನ್ನು ಬೆರಳು ತಗುಲಿದ್ದನ್ನು ಕೇಳಿಸಿಕೊಳ್ಳಲು ಒಬ್ಬ ಬೇಕು ಎಂದಳು. ಅವಳ ಕಸುಬಿನಲ್ಲಿ ಹಾಗೆ ಹೇಳುವುದು ವಾಡಿಕೆಯಂತೆ. ಯಂತ್ರದೊಳಗಿನ ಏನನ್ನೋ ಕೇಳುಗ ಎನ್ನುತ್ತಾರಂತೆ. ಪುರಸಭೆಗೆ ಅದೆಲ್ಲ ಯಾಕೆ? ಕೇಳುವವರು ಬೇಕು ಎಂದ ಮೇಲೆ ಕಿವಿಯಿರುವವರು ಬೇಕು, ಕಿವಿಯಿರುವವರು ಎಂದ ಮೇಲೆ ನಮ್ಮವರು ಬೇಕು. ಒಂದೊಂದು ಪದವನ್ನೂ ಒಬ್ಬೊಬ್ಬರ ಹೆಸರಿಗೆ ಬರೆದರಾಯಿತು. ಮುಟ್ಟಿದಾಗ ಅವರ ಕಿವಿ ಬೆಚ್ಚಗಾಗುತ್ತದೆ, ಅವರು ತಮ್ಮ ಫೋನಿನಲ್ಲಿ ಅರ್ಥ ಹೇಳುತ್ತಾರೆ, ಮುಟ್ಟಿದವರಿಗೆ ಕೇಳಿಸುತ್ತದೆ.

ಮಂದಾಕಿನಿ ಹೇಳಿದಳು, "ಸಾರ್, ಒಂದೊಂದು ಪದಕ್ಕೂ ಒಬ್ಬೊಬ್ಬರನ್ನ ಕೂರಿಸೋದು ಬೇಡ. ಇಡೀ ಹಾಳೆಗೆ ಒಬ್ಬ ಸಾಕು. ಯಾವ ಪದ ಮುಟ್ಟಿದ್ರೂ ಕಡೆಗೆ ಅದರ ಕೆಳಗಿರೋ ಹಾಳೆಗೂ ಬೆರಳು ತಗುಲೇ ತಗುಲುತ್ತೆ."

ಅಧ್ಯಕ್ಷರು ನಕ್ಕರು. "ಒಬ್ಬನಿಗೆ ಕೊಟ್ರೆ ಒಬ್ಬ ಕೈ ಮುಗೀತಾನೆ ಕಣಮ್ಮ. ನನಗೆ ಬೇಕಿರೋದು ಸಾವಿರದ ನೂರ ಹದಿನಾರು ಜನ."

ಹಂಚಿಕೆ ಒಂಬತ್ತು ದಿನ ನಡೆಯಿತು. ಊರಿನ ಗುಮಾಸ್ತ ಕೆಂಪರಂಗಯ್ಯ ಮೇಜು ಹಾಕಿಕೊಂಡು ಕೂತ. ಕಾನೂನು ಬಿಟ್ಟು ಒಂದು ಗೆರೆ ಅತ್ತಿತ್ತ ಹೋಗದ ಮನುಷ್ಯ, ತನ್ನ ಮಗಳ ಮದುವೆಯಲ್ಲೂ ಊಟಕ್ಕೆ ಸರದಿಯಲ್ಲಿ ನಿಂತವನು. ಅಧ್ಯಕ್ಷರು ಯಾರನ್ನೂ ಕೇಳದೆ 'ಬೆಳಕು' ಇಟ್ಟುಕೊಂಡರು; ಆ ವಾರ ಬೀದಿದೀಪ ಉರಿಯದಿದ್ದುದು ಬೇರೆ ಮಾತು. ತಂಪೆಣ್ಣೆಯ ಚಿಕ್ಕಹೊನ್ನಯ್ಯ ಎಲ್ಲರಿಗಿಂತ ಮುಂಚೆ ಬಂದು ಮೊದಲ ಪದ 'ಮೂಡಣ'ವನ್ನೇ ಹಿಡಿದ. ಕಾವ್ಯದಲ್ಲಿ 'ಮತ್ತೆ' ಎಂಬುದು ನಲವತ್ತೊಂದು ಸಲ ಬರುತ್ತದೆ, ಅದಕ್ಕೆ ನಲವತ್ತೊಂದು ಜನ. ಅವರು ಹದಿನೈದೇ ದಿನದಲ್ಲಿ ಸಂಘ ಕಟ್ಟಿ, ಕೋಳಿ ಅಂಗಡಿ ದಾಸೇಗೌಡನನ್ನು ಸಂಘದ ಮುಖಂಡ ಎಂದು ಆರಿಸಿಕೊಂಡರು. ಒಬ್ಬೊಬ್ಬರಿಗೂ ಪದ ಕೆತ್ತಿದ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಜೊತೆಗೊಂದು ನಿಯಮವೂ ಬಂತು: ಒಬ್ಬರ ಪದವನ್ನು ಇನ್ನೊಬ್ಬರು ಬಹಿರಂಗವಾಗಿ ಆಡಕೂಡದು. ಸಾಕಷ್ಟು ಯೋಚಿಸಿಯೇ ಮಾಡಿದ ನಿಯಮ. ಇಲ್ಲದಿದ್ದರೆ ಬಿಲ್ಲೆಗೆ ಏನು ಮರ್ಯಾದೆ?

ದೊಡ್ಡಮ್ಮನಿಗೂ ಗೌರವದಿಂದ ಒಂದು ಪದ ತೆಗೆದಿಟ್ಟಿದ್ದರು. ಅವಳು ಮೇಜಿನ ಮುಂದೆ ನಿಂತು ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸಿಟ್ಟಳು. "ನನಗೆ ಒಂದೇನಾ ಕೆಂಪರಂಗಯ್ಯ? ನಿನ್ನ ಹತ್ತು ಬೆರಳಲ್ಲಿ ಒಂದು ನೀನಿಟ್ಕೋ, ಮಿಕ್ಕಿದ್ದು ಊರಿಗೆ ಹಂಚು ಅಂದ್ರೆ ಹಂಚ್ತೀಯಾ?" ಎಂದಳು. ಕೆಂಪರಂಗಯ್ಯ ಅಂಥ ಸುತ್ತೋಲೆ ಇನ್ನೂ ಬಂದಿಲ್ಲ ಎಂದು, ಅವಳ ಪದವನ್ನು ಸರದಿಯಲ್ಲಿ ಉಳಿದಿದ್ದ ಒಬ್ಬರ ಹೆಸರಿಗೆ ಬರೆದ. ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿ, ಪದಗಳೆಲ್ಲ ಮುಗಿದವು, ಆ ಹುಡುಗಿಯ ಹಟಕ್ಕೆ ಹಾಳೆಗೂ ಒಂದು ಹೆಸರು ಬೇಕಂತೆ, ಯಾರೂ ಮುಂದೆ ಬಂದಿಲ್ಲ, ಬೇಕೇ ಎಂದು ಕೇಳಿದ. ನಾನು ತಲೆಯಾಡಿಸಿದೆ. ನನಗೆ ಕೊಟ್ಟ ಬಿಲ್ಲೆಯಲ್ಲಿ ಏನೂ ಕೆತ್ತಿರಲಿಲ್ಲ.

ಮರುದಿನದಿಂದ ನನ್ನ ಕಿವಿ ಬೋಂಡದ ಬಾಣಲೆ. ಯಾರು ಯಾವ ಪದ ಮುಟ್ಟಿದರೂ ಮೊದಲು ಅದರ ಒಡೆಯನಿಗೆ, ಹಿಂದೆಯೇ ನನಗೆ. ಯಾವ ಪದ ಎಂದು ಕೇಳಬೇಕಾದದ್ದೇ ಇರಲಿಲ್ಲ. ಐವತ್ತು ವರ್ಷ ಪಳಗಿದ ಕಿವಿ, ಪದ ತನ್ನ ರಾಗದೊಂದಿಗೇ ಬರುತ್ತಿತ್ತು. ಮೊದಲ ತಿಂಗಳು ಊರಿನವರು ಅರ್ಥ ಕೇಳಲು ಮುಟ್ಟಲಿಲ್ಲ. ತಮ್ಮ ಪದ ಕೆಲಸ ಮಾಡುತ್ತಿದೆಯೇ ಎಂದು ಹೆಂಡತಿಯ ಕೈಲಿ, ಮಾವನ ಕೈಲಿ ಮುಟ್ಟಿಸಿ ನೋಡಿದರು. ಎರಡನೆಯ ತಿಂಗಳು ಯಾರ ಪದಕ್ಕೆ ಹೆಚ್ಚು ಬೆರಳು ಬಿದ್ದಿತು ಎಂಬ ಮೇಲಾಟ. 'ಹೊನ್ನು' ಎಂಬ ಪದವನ್ನು ಒಂದೇ ದಿನದಲ್ಲಿ ನಾನೂರು ಸಲ ಮುಟ್ಟಿ ಅದರ ಒಡೆಯನ ಕಿವಿ ಬೊಬ್ಬೆ ಎದ್ದಿತು. 'ಕರುಣೆ'ಯ ಒಡತಿ ಪಾಪ ವರ್ಷಕ್ಕೆ ಬೇಕಾದಷ್ಟು ಉಲ್ಲನ್ ಟೋಪಿ ಹೆಣೆದು ಮುಗಿಸಿದಳು. ಮಂದಾಕಿನಿ ಊರು ಬಿಟ್ಟು ಹೋಗುವ ಮುನ್ನ ನನ್ನನ್ನು ಹುಡುಕಿಕೊಂಡು ಬಂದು, ತುಂಬಾ ಬಿಸಿಯಾಗ್ತಿದೆಯಾ ಎಂದು ವಿಚಾರಿಸಿದಳು. ನಾನು ಇಲ್ಲ ಎಂದೆ. ಸುಳ್ಳು ಹೇಳಿದ್ದಕ್ಕೆ ಅವತ್ತು ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಮಂಟಪದ ಓದು ನಿಂತಿತು. ಎಲ್ಲರ ಪದವನ್ನೂ ಒಬ್ಬಳೇ ಆಡುವುದು ಹೇಗೆ? ದೊಡ್ಡಮ್ಮ ನಿಯಮ ಕೇಳಿದ ದಿನ ಚಾಪೆ ಸುತ್ತಿ ನನ್ನ ಕೈಗಿಟ್ಟಳು. ಮೂರು ವಾರಕ್ಕೆ ಲಕ್ವ ಹೊಡೆಯಿತು. ಡಾಕ್ಟರು ರಕ್ತದೊತ್ತಡ ಎಂದರು. ಅವರಿಗೆ ಬಿಲ್ಲೆಗಳ ವಿಚಾರ ತಿಳಿಯದು. ಬಲಭಾಗ ಹೋಯಿತು, ಮಾತು ಪೂರ್ತಿ ಬಿದ್ದುಹೋಯಿತು. ಎಡಗೈಯ ಒಂದೆರಡು ಬೆರಳು, ಕಣ್ಣು, ಮತ್ತು ಕಿವಿ ಉಳಿದವು. ಗಂಜಿ ನಾಲ್ಕು ಚಮಚದಿಂದ ಎರಡಕ್ಕಿಳಿಯಿತು. ಇನ್ನು ತಿಂಗಳೊ ಎರಡು ತಿಂಗಳೊ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಊರನ್ನೆಲ್ಲ ಓದಿ ಕಳಿಸಿದವಳಿಗೆ ಈಗ ಓದುವವರು ಯಾರು? ನಾನು ಕೆಂಪರಂಗಯ್ಯನ ಬಳಿ ಹೋದೆ. ಅವನಿಗೂ ಸಂಕಟವಾಯಿತು, ಅದು ಮುಖದಲ್ಲಿ ಕಂಡಿತು, ಆದರೆ ಮುಖಕ್ಕೆ ಸಹಿ ಹಾಕುವ ಅಧಿಕಾರವಿಲ್ಲ. ಕಡೇ ಓದು ತೆರೆದ ಬಾಗಿಲಲ್ಲಿ ಆಗಬೇಕಾದ್ದು, ಅಂದರೆ ಬಹಿರಂಗ. ಬಹಿರಂಗವೆಂದರೆ ಅಷ್ಟೂ ಒಡೆಯರ ಒಪ್ಪಿಗೆ ಬೇಕು. ಹನ್ನೊಂದು ದಿನ ಮನೆಮನೆ ಸುತ್ತಿದೆ. ಬಾಯಿಬಿಟ್ಟು ಕೇಳುವುದು ನನಗೆ ಬಾರದ ವಿದ್ಯೆ, ಕಾಗದ ಮುಂದೆ ಹಿಡಿದು ನಿಲ್ಲುತ್ತಿದ್ದೆ. ಬಹಳ ಜನ ಸಹಿ ಹಾಕಿದರು. ಕೆಲವರು ಹಾಕುವಾಗ ಕಣ್ಣೊರೆಸಿಕೊಂಡು, ಸಹಿಯ ಕೆಳಗೆ ಬಿಲ್ಲೆಯ ಸಂಖ್ಯೆಯನ್ನು ಮರೆಯದೆ ಬರೆದರು. ಅಧ್ಯಕ್ಷರು ಸಭೆಯಲ್ಲಿದ್ದರು, ಮರುದಿನವೂ ಸಭೆಯಲ್ಲಿದ್ದರು. ಉಳಿದವರು 'ಮತ್ತೆ' ಸಂಘದವರು.

ದಾಸೇಗೌಡ ಕತ್ತಿ ಒರೆಸಿ ಬದಿಗಿಟ್ಟು ನನ್ನನ್ನು ಕೂರಿಸಿದ. "ವರದಣ್ಣ, ಓದಮ್ಮನ ಮೇಲೆ ನಮಗೇನೂ ಇಲ್ಲ. ನಮ್ಮಪ್ಪನ್ನ ಕಳಿಸಿಕೊಟ್ಟೋಳು ಆಯಮ್ಮನೇ. ಆದ್ರೆ ನಾವಿಲ್ದೆ ಕಬ್ಬ ಮುಂದಕ್ಕೆ ಹೋಗಲ್ಲ, ಅಂಥೋರನ್ನ ಆ್ಯಪ್ ಉದ್ಘಾಟನೆ ದಿನ ಕಡೇ ಸಾಲಲ್ಲಿ ಕೂರಿಸಿದ್ರು. ನಮ್ಮನ್ನ ಮುಂದಿನ ಸಾಲಿಗೆ ತರೋವರ್ಗೂ ಯಾವ ಕಾಗದಕ್ಕೂ ಸಹಿ ಇಲ್ಲ ಅಂತ ಸಂಘದ ತೀರ್ಮಾನ. ನಾನೊಬ್ಬನೇ ಮುರಿಯಕ್ಕಾಗುತ್ತಾ?" ಎಂದ. ಕಾಫಿ ತರಿಸಿಕೊಟ್ಟ. ಕುಡಿದು ಬಂದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದೆ, ಕಿವಿ ಬೆಚ್ಚಗಾಯಿತು. ಮೂಡಣ. ಅದರ ಹಿಂದೆ ಎರಡನೆಯ ಪದ, ಅದರ ಹಿಂದೆ ಮೂರನೆಯದು. ಸಾಲಾಗಿ ಮುಟ್ಟುವವರು ಊರಿನಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅವರವರ ಪದ. ಒದ್ದೆ ಕೈಯಲ್ಲೇ ಒಳಗೆ ಓಡಿದೆ. ದೊಡ್ಡಮ್ಮನ ಎಡಗೈಯಡಿ ನನ್ನ ಫೋನಿತ್ತು. ಬೆರಳು ಒಂದೊಂದೇ ಪದದ ಮೇಲೆ ನಡೆಯುತ್ತಿತ್ತು. ಫೋನಿನೊಳಗಿಂದ ಚಿಕ್ಕಹೊನ್ನಯ್ಯನ ದನಿ, ಮೂಡಣ ಎಂದರೆ ಪೂರ್ವ ದಿಕ್ಕು, ನಮ್ಮ ಅಂಗಡಿಯ ಬಾಗಿಲೂ ಪೂರ್ವಕ್ಕೇ ಇದೆ, ಚಳಿಗಾಲದ ರಿಯಾಯಿತಿ ಇದೇ ತಿಂಗಳ ಕೊನೆಯವರೆಗೆ ಎಂದು ವಿವರಿಸುತ್ತಿತ್ತು. ಅವನು ಮುಗಿಸುವವರೆಗೆ ಕಾದು ಮುಂದಿನ ಪದ, ಆ ಪದದವರು ಮುಗಿಸಿದ ಮೇಲೆ ಅದರ ಮುಂದಿನದು. ಒಂದು ಗಂಟೆ ಕಳೆದರೂ ಒಂಬತ್ತು ಪದ ದಾಟಲಿಲ್ಲ. ಹತ್ತನೆಯದು ಅಧ್ಯಕ್ಷರದು, ಉತ್ತರವಿಲ್ಲ. ಅವಳು ಬೆರಳು ತೆಗೆದು ಮತ್ತೆ ಮೊದಲ ಪದದ ಮೇಲೆ ಇಟ್ಟಳು.

ತನಗೆ ತಾನೇ ಕಡೇ ಓದು ಓದಿಕೊಳ್ಳುತ್ತಿದ್ದಾಳೆ ಎಂದು ನನಗೆ ಅರ್ಥವಾದದ್ದು ಆಗ. ಅಂಗಡಿಯವರ ಬಾಯಿಂದ, ಚೂರು ಚೂರಾಗಿ, ರಿಯಾಯಿತಿ ಸಮೇತ.

ನಾನು ಎದ್ದೆ. ತಲೆಬಾಗಿಲು ತೆರೆದೆ. ಅವಳ ಮಂಚದ ಪಕ್ಕ ನೆಲದ ಮೇಲೆ ಕೂತು ಬಾಯಿ ತೆರೆದೆ. ಐವತ್ತು ವರ್ಷ ಮುಚ್ಚಿಟ್ಟ ಕೋಣೆಯ ಬಾಗಿಲು ತೆರೆದಂತೆ ಮೊದಲು ಧೂಳೇ ಬಂತು. ಕೆಮ್ಮಿದೆ, ಗಂಟಲು ಸರಿಮಾಡಿಕೊಂಡೆ, ಮೂಡಣದಿಂದ ಶುರುಮಾಡಿದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನೋಡಿ, ಓದು ಕಲಿಸುವವರು ಮಾಡುವ ಹಾಗೆ, ನಾನು ಹೇಳಿದ ಪ್ರತಿ ಪದದ ಮೇಲೂ ಬೆರಳಿಡುತ್ತ ಬಂದಳು.

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಊರಿನಲ್ಲಿ ಒಬ್ಬರಾದ ಮೇಲೊಬ್ಬರ ಕಿವಿ ಬೆಚ್ಚಗಾಗತೊಡಗಿತು. ತೂಕ ಮಾಡುವುದನ್ನು ಬಿಟ್ಟು, ಕ್ಷೌರ ಅರ್ಧಕ್ಕೆ ಬಿಟ್ಟು ಅವರು ಫೋನು ಎತ್ತಿ ಅರ್ಥ ಹೇಳಲು ಶುರುಮಾಡುವಷ್ಟರಲ್ಲಿ ಬೆರಳು ನಾಲ್ಕೈದು ಪದ ದಾಟಿರುತ್ತಿತ್ತು. ತಮ್ಮನ್ನು ಕರೆದು ಕೇಳದೆ ಹೋದವರು ಯಾರೆಂದು ಹುಡುಕುತ್ತ ಜನ ಬೀದಿಗೆ ಬಂದರು, ತೆರೆದ ಬಾಗಿಲು ಕಂಡು ನಮ್ಮ ಮನೆಗೆ ಬಂದರು. ಜಗಳಕ್ಕೇ ಬಂದದ್ದು, ಸಂಶಯವಿಲ್ಲ. ಆದರೆ ಹೊಸ್ತಿಲ ಬಳಿ ಬಂದಾಗ ಇದು ಕಡೇ ಓದು ಎಂದು ತಿಳಿಯಿತು. ಕಡೇ ಓದಿನಲ್ಲಿ ತುಟಿ ಬಿಚ್ಚುವಂತಿಲ್ಲ. ಪುರಸಭೆಯ ನಿಯಮಕ್ಕಿಂತ ಅದು ಹಳೆಯದು, ಅಜ್ಜಿಯರು ಚಿವುಟಿ ಕಲಿಸಿದ್ದು. ಹೀಗಾಗಿ ನನ್ನ ಮೇಲೆ ಕೂಗಾಡಲು ಬಂದ ಆರುನೂರು ಏಳುನೂರು ಜನ ಬಾಯಿ ಬಿಗಿದುಕೊಂಡು ಬೀದಿಯುದ್ದಕ್ಕೂ ನಿಲ್ಲಬೇಕಾಯಿತು. ನಿಂತ ಮೇಲೆ ಕೇಳದೆ ವಿಧಿಯಿರಲಿಲ್ಲ.

ಕಬ್ಬದ ನಡುವೆ ಒಂದು ಕಡೆ ಬರುತ್ತದೆ. ಹೊಳೆ ದಾಟುವಾಗ ಮೂರು ದೋಣಿ ಮುಳುಗುತ್ತವೆ. ಆ ದಡಕ್ಕೆ ಬಂದ ಹೆಂಗಸರು ಯಾರು ಉಳಿದರು, ಯಾರು ಇಲ್ಲ ಎಂದು ಎಣಿಸುತ್ತಾರೆ, ಅಳುತ್ತಾರೆ. ಮತ್ತೆ, ಒಲೆ ಹೂಡುತ್ತಾರೆ. ಆ ಮತ್ತೆ ದಾಸೇಗೌಡನದು. ಬಿಲ್ಲೆ ಸಿಕ್ಕಾಗಿನಿಂದ ಅವನು ಅದಕ್ಕೆ ಇನ್ನೊಂದು ಸಲ, ಪುನಃ, ಹೆಚ್ಚಿನ ವಿವರಕ್ಕೆ ಅಂಗಡಿಗೆ ಬನ್ನಿ ಎಂದು ಅರ್ಥ ಹೇಳುತ್ತಿದ್ದ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವನು ಅದನ್ನು ಕೇಳಿ ನೆಲ ನೋಡಿದ. ಬಿಲ್ಲೆ ಕಿತ್ತು ಅಂಗಿಯ ತುದಿಯಿಂದ ಉಜ್ಜಿದ. ಉಜ್ಜಿ, ಮತ್ತೆ ಚುಚ್ಚಿಕೊಂಡ. ಮನುಷ್ಯ ಅಷ್ಟು ಬೇಗ ಬದಲಾಗಿಬಿಟ್ಟರೆ ಪುರಾಣಗಳು ಇಷ್ಟು ದಪ್ಪ ಇರುತ್ತಿರಲಿಲ್ಲ.

ಓದು ಮುಗಿಯಿತು. ದೊಡ್ಡಮ್ಮ ಫೋನನ್ನು ನನ್ನ ಕಡೆ ತಳ್ಳಿ, ಒಂದೊಂದಾಗಿ ಹದಿನಾಲ್ಕು ಪದಗಳನ್ನು ಮುಟ್ಟಿ ತೋರಿಸಿದಳು. ಹದಿನಾಲ್ಕು ತಪ್ಪು. ಓದು ಓದಾಗಲಿಲ್ಲ.

ಮಾತಾಡಬಹುದು ಎಂದಾದ ತಕ್ಷಣ ಹೊರಗೆ ಗದ್ದಲವೆದ್ದಿತು. ಸಂಜೆಯೊಳಗೆ ನನ್ನ ಮೇಲೆ ಸಾವಿರದ ನೂರ ಹದಿನಾರು ದೂರು ಬಿದ್ದವು. ಸಹಿ ಹಾಕಿದವರೂ ದೂರು ಕೊಟ್ಟಿದ್ದರು, ಇಲ್ಲದಿದ್ದರೆ ತಮ್ಮದೇನು ಲೆಕ್ಕಕ್ಕಿಲ್ಲದ ಪದವೇ ಎಂದಾಗುತ್ತಿತ್ತು. ಕೆಂಪರಂಗಯ್ಯ ನಿಯಮ ಪುಸ್ತಕ ಹಿಡಿದು ಮನೆಗೇ ಬಂದ. ಒಂದೊಂದು ಪದ ಒಂದೊಂದು ಆಸ್ತಿ, ಆದ್ದರಿಂದ ಒಂದೊಂದಕ್ಕೂ ಬೇರೆ ಬೇರೆ ವಿಚಾರಣೆ ಎಂದು ವಿವರಿಸಿದ. "ವಾರಕ್ಕೆ ಎರಡು ಪದ ತಗೋತೀವಿ. ಹತ್ತು ವರ್ಷದ ಮೇಲಾಗುತ್ತೆ. ಅಲ್ಲೀವರ್ಗೂ ನಿನ್ನ ಮೇಲೆ ಕ್ರಮ ತಗೊಳಂಗಿಲ್ಲ ವರದಣ್ಣ, ನೀನು ಏನು ಮಾಡ್ತಿದ್ಯೋ ಅದನ್ನ ನಿಲ್ಸು ಅನ್ನಂಗೂ ಇಲ್ಲ," ಎಂದು, ಪುಸ್ತಕ ಮುಚ್ಚಿ, ದೊಡ್ಡಮ್ಮನಿಗೆ ಕೈಮುಗಿದು ಹೋದ.

ದಿನವೂ ಬೆಳಿಗ್ಗೆ ಹತ್ತಕ್ಕೆ ಓದಿದೆ. ಹದಿನಾಲ್ಕು ತಪ್ಪು ಒಂಬತ್ತಾಯಿತು, ಐದಾಯಿತು, ಎರಡಾಯಿತು. ಜನ ದಿನವೂ ಬಂದರು. ಅಪರಾಧಕ್ಕೆ ಸಾಕ್ಷಿ ಬೇಕಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು, ಸಾಕ್ಷಿ ಹೇಳಲು ಚಾಪೆ ತಂದರು. ಕೊನೆಗೆ ಒಂದೇ ತಪ್ಪು ಉಳಿಯಿತು. ಹೊಸ ನೆಲಕ್ಕೆ ಕಾಲಿಟ್ಟವರು ಏನೇನು ತಂದಿದ್ದರು ಎಂದು ಎಣಿಸುವ ಕಡೆ ಉಪ್ಪು ಮೊದಲು, ಸೂಜಿ ಆಮೇಲೆ. ನಾನು ಸೂಜಿಯನ್ನು ಮೊದಲು ಹೇಳುತ್ತಿದ್ದೆ. ದೊಡ್ಡಮ್ಮ ಉಪ್ಪಿನ ಮೇಲೆ ಬೆರಳು ಒತ್ತುತ್ತಿದ್ದಳು, ನಾನು ಮರೆತವನಂತೆ ತಲೆ ಚಚ್ಚಿಕೊಳ್ಳುತ್ತಿದ್ದೆ, ನಾಳೆ ಸರಿಮಾಡುತ್ತೇನೆ ಎನ್ನುತ್ತಿದ್ದೆ. ನಾಳೆ ಮತ್ತೆ ಸೂಜಿ. ಹತ್ತೊಂಬತ್ತು ದಿನ ಹೀಗೇ ನಡೆಯಿತು. ಗಂಜಿ ಒಂದು ಚಮಚಕ್ಕಿಳಿದಿತ್ತು, ಬೆನ್ನು ಹುಣ್ಣಾಗಿತ್ತು. ಒಂದು ದಿನ ದಾಸೇಗೌಡ ನನ್ನನ್ನು ಜಗಲಿಗೆ ಕರೆದು ಪಿಸುಗುಟ್ಟಿದ, "ಉಪ್ಪು ಮೊದ್ಲು ಅಲ್ವಾ ವರದಣ್ಣ? ನನಗೇ ಬಾಯಿಗೆ ಬಂದುಹೋಯ್ತು." ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ ಎಂದೆ. ಅವನು ನನ್ನ ಮುಖ ನೋಡಿ, ಚಾಪೆ ಸುತ್ತಿಕೊಂಡು ಹೋದ.

ಇಪ್ಪತ್ತನೆಯ ದಿನವೂ ಸೂಜಿಯನ್ನೇ ಮೊದಲು ಹೇಳಿದೆ. ಅವಳು ಉಪ್ಪಿನ ಮೇಲೆ ಬೆರಳಿಡಲಿಲ್ಲ. ಉಪ್ಪಿಗೂ ಸೂಜಿಗೂ ನಡುವೆ ಏನೂ ಬರೆಯದ ಜಾಗವಿದೆ, ಅಲ್ಲಿ ಇಟ್ಟಳು. ಆ ಜಾಗವನ್ನು ಅಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಹೊರಗೆ ನಿಂತ ಯಾರ ಕಿವಿಯೂ ಬೆಚ್ಚಗಾಗಲಿಲ್ಲ, ನನ್ನದೊಂದೇ ಆಯಿತು. ಬಹಳ ಹೊತ್ತು ಇಟ್ಟೇ ಇದ್ದಳು. ನಾನು ಉಳಿದದ್ದನ್ನು ಓದಿ ಮುಗಿಸಿ, ಅವಳ ಮುಖ ನೋಡಲಾರದೆ ಬಟ್ಟೆ ಒಗೆಯಲು ಹೋದೆ.

ಮರುದಿನ ಬೇಗ ಎದ್ದು ಮಿಂದೆ. ಅವಳ ತಲೆ ಬಾಚಿದೆ, ಹಣೆಗೆ ವಿಭೂತಿ ಇಟ್ಟೆ. ಬಾಗಿಲು ತೆರೆದು ಕೂತು ಓದಿದೆ. ಉಪ್ಪನ್ನು ಮೊದಲು ಹೇಳಿದೆ, ಸೂಜಿಯನ್ನು ಆಮೇಲೆ. ಬೆರಳು ಒಮ್ಮೆ ತಡೆದು, ಮುಂದಕ್ಕೆ ಹೋಯಿತು. ಕೊನೆಯ ಪದ 'ಇರಲಿ'. ಅದು ಕೆಂಪರಂಗಯ್ಯನದು; ಸಾಲಿನ ಕೊನೆಯಲ್ಲಿ ನಿಂತು ಪಡೆದದ್ದು. ನಾನು ಅದನ್ನು ಹೇಳಿದೆ, ಅವಳು ಅದರ ಮೇಲೆ ಬೆರಳಿಟ್ಟಳು, ತೆಗೆಯಲಿಲ್ಲ. ಕೆಂಪರಂಗಯ್ಯ ಹೊಸ್ತಿಲಲ್ಲಿ ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ನಿಂತಿದ್ದ. ಓದು ಮುಗಿದಿತ್ತು, ಮಾತಾಡಬಹುದಿತ್ತು, ಅವನ ಪದವನ್ನು ಮುಟ್ಟಿದವರಿಗೆ ಅವನು ಅರ್ಥ ಹೇಳಲೇಬೇಕೆಂದು ಅವನದೇ ಪುಸ್ತಕದಲ್ಲಿ ಬರೆದಿತ್ತು. ಅವನು ಹೇಳಲಿಲ್ಲ. ಬೆರಳು ಅಲ್ಲೇ ಇದ್ದರೂ ಕಿವಿ ಯಾವಾಗ ತಣ್ಣಗಾಯಿತು ಎಂಬುದು ಇಬ್ಬರಿಗೂ ಗೊತ್ತಾಯಿತು.